ಎರಡು ದಿನ ನೋಡಿ ಶಾಲೆ ಹೆಂಗಿದೆ ಅಂತ ಹೇಳೋಕಾಗತ್ತಾ? (ಆಫ್‌ಸ್ಟೆಡ್ ರಿಪೋರ್ಟ್ ಓದಿ ತಲೆ ಕೆಟ್ಟಿದೆ, ಸಹಾಯ ಮಾಡಿ)

ರೀಡಿಂಗ್_ಅಮ್ಮ

ಎಲ್ಲರಿಗೂ ನಮಸ್ಕಾರ. ನಾವು ಇಂಗ್ಲೆಂಡಿನ ರೀಡಿಂಗ್ ಊರಲ್ಲಿದೀವಿ, ಇಲ್ಲಿ ಶಾಲೆಗಳ ತಪಾಸಣೆ ಮಾಡೋ ಸರ್ಕಾರಿ ಸಂಸ್ಥೆ ಆಫ್‌ಸ್ಟೆಡ್. ಮಗಳು ಈಗ ಇಯರ್ 5 (ಪ್ರೈಮರಿ ಮುಗಿಯೋಕೆ ಇನ್ನೊಂದು ಕ್ಲಾಸ್ ಇದೆ). ಅಕ್ಟೋಬರ್ 31ರೊಳಗೆ ಸೆಕೆಂಡರಿ ಸ್ಕೂಲಿಗೆ ಫಾರಂ ಹಾಕ್ಬೇಕು, ಇನ್ನೂ ಎಂಟು ತಿಂಗಳಿದೆಯಲ್ಲ ಅಂತ ನಾನು, ಈಗ್ಲೇ ಮನೆ ಬದಲಾಯಿಸ್ಬೇಕು ಅಂತ ಯಜಮಾನ್ರು. ನಡ್ಕೊಂಡು ಹೋಗೋ ದೂರದಲ್ಲಿ ಮೂರು ಶಾಲೆ ಇವೆ. ಒಂದಕ್ಕೆ 2022ರಲ್ಲಿ ಆಫ್‌ಸ್ಟೆಡ್‌ನವರು 'ಗುಡ್' ಅಂತ ಕೊಟ್ಟಿದಾರೆ. ಇನ್ನೊಂದಕ್ಕೆ 2025ರ ಮಾರ್ಚಲ್ಲಿ ನಾಲ್ಕು ಬೇರೆ ಬೇರೆ ಗ್ರೇಡ್ ಇದೆ, ಒಟ್ಟು ಗ್ರೇಡ್ ಅನ್ನೋದೇ ಇಲ್ಲ, ನಾನು ಪಿಡಿಎಫ್ ಪೂರ್ತಿ ಡೌನ್‌ಲೋಡ್ ಆಗಿಲ್ವೇನೋ ಅಂತ ಎರಡು ಸಲ ತೆಗೆದೆ. ಮೂರನೇದಕ್ಕೆ 2025ರ ಡಿಸೆಂಬರಲ್ಲಿ ಇನ್ಸ್‌ಪೆಕ್ಷನ್ ಆಗಿ ಬಣ್ಣಬಣ್ಣದ ಕಾರ್ಡ್ ಬಂದಿದೆ, ಅದರಲ್ಲಿ 'ಎಕ್ಸ್‌ಪೆಕ್ಟೆಡ್', 'ನೀಡ್ಸ್ ಅಟೆನ್ಶನ್' ಅಂತೆಲ್ಲ ಇದೆ.

ಯಜಮಾನ್ರು ಎಕ್ಸೆಲ್ ಶೀಟ್ ಮಾಡಿ ಮೂರಕ್ಕೂ ಹತ್ತರಲ್ಲಿ ಇಷ್ಟು ಅಂತ ಮಾರ್ಕ್ಸ್ ಹಾಕ್ಕೊಂಡು ಕೂತಿದಾರೆ. ಇದು ಸರೀನಾ? ಯಾರಾದ್ರೂ ಒಳಗಿನವರು ಇದ್ರೆ ಹೇಳಿ ಪ್ಲೀಸ್.

ಚುರುಮುರಿ_77

ಯಾವ ಶಾಲೆ ಮುಂದೆ ಬೆಳಗ್ಗೆ ರೇಂಜ್ ರೋವರ್ ಜಾಸ್ತಿ ನಿಲ್ಲತ್ತೋ ಅದೇ ಒಳ್ಳೇದು, ಎಕ್ಸೆಲ್ ಎಲ್ಲ ಬಿಸಾಕಿ 😀

ಗವರ್ನರ್_ಆದ್ರೂ_ರಾಜ್ಯಪಾಲ_ಅಲ್ಲ

ಮೇಡಂ, ನಾನು ಇಲ್ಲೊಂದು ಸರ್ಕಾರಿ ಕಾಂಪ್ರಿಹೆನ್ಸಿವ್ ಶಾಲೆಗೆ ಗವರ್ನರ್. ಅಮ್ಮ ಹಾಸನದಲ್ಲಿ ಈ ಸುದ್ದಿ ಹಂಚಿ ಅರ್ಧ ಬೀದಿ ನಾನು ರಾಜಭವನದಲ್ಲಿದೀನಿ ಅಂತ ನಂಬಿದೆ. ನಮ್ಮ ಕಡೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಮೆಂಬರ್ ಇದ್ದಂಗೆ ಅಷ್ಟೇ, ಸಂಬಳ ಇಲ್ಲ, ಮೀಟಿಂಗಲ್ಲಿ ಬಿಸ್ಕೆಟ್ ಉಂಟು.

ನಿಮ್ಮ ಮೂರು ರಿಪೋರ್ಟು ಮೂರು ಅಳತೆಯಲ್ಲಿದೆ. ಒಂದು ಸೇರು, ಒಂದು ಲೀಟರು, ಇನ್ನೊಂದು ಗ್ಯಾಲನ್. ಕೂಡಿಸೋಕೆ ಆಗಲ್ಲ. 2024ರ ಸೆಪ್ಟೆಂಬರ್ ತನಕ ಇಡೀ ಶಾಲೆಗೆ ಒಂದೇ ಪದ ಇತ್ತು: ಔಟ್‌ಸ್ಟ್ಯಾಂಡಿಂಗ್, ಗುಡ್, ರಿಕ್ವೈರ್ಸ್ ಇಂಪ್ರೂವ್‌ಮೆಂಟ್, ಇನ್‌ಅಡಿಕ್ವೇಟ್, ಈ ನಾಲ್ಕರಲ್ಲಿ ಒಂದು. ಆ ಒಟ್ಟು ಪದಾನ ತೆಗೆದುಹಾಕಿದ್ರು, ಆದ್ರೆ 2024-25ರ ಶಾಲಾ ವರ್ಷ ಪೂರ್ತಿ ಪಾಠದ ಗುಣಮಟ್ಟ, ನಡವಳಿಕೆ, ಮಕ್ಕಳ ಬೆಳವಣಿಗೆ, ಆಡಳಿತ ಅಂತ ಅದರ ಕೆಳಗಿದ್ದ ನಾಲ್ಕು ಗ್ರೇಡ್ ಹಂಗೇ ಉಳಿಸ್ಕೊಂಡ್ರು. ನಿಮ್ಮ ಎರಡನೇ ಶಾಲೆದು ಅದೇ, ಪಿಡಿಎಫ್ ಸರಿಯಾಗೇ ಇದೆ. 2025ರ ನವೆಂಬರ್ 10ರಿಂದ ಹೊಸ ಕಾರ್ಡ್. ಇನ್‌ಕ್ಲೂಶನ್ (ಹಿಂದೆ ಬೀಳೋ ಮಕ್ಕಳನ್ನೂ ಜೊತೆಗೆ ಕರ್ಕೊಂಡು ಹೋಗೋದು), ಪಠ್ಯ ಮತ್ತು ಬೋಧನೆ, ಮಕ್ಕಳ ಸಾಧನೆ, ಹಾಜರಿ-ನಡವಳಿಕೆ, ಮಕ್ಕಳ ಕ್ಷೇಮ, ಆಡಳಿತ ಅಂತ ಬೇರೆ ಬೇರೆ ಸಾಲು, ಪ್ರತಿ ಸಾಲಿಗೂ ಐದು ಮೆಟ್ಟಿಲು. ಮಕ್ಕಳ ಸುರಕ್ಷತೆಗೆ ಮಾತ್ರ ಮೆಟ್ಟಿಲಿಲ್ಲ, ಇದೆ ಅಥವಾ ಇಲ್ಲ ಅಷ್ಟೇ.

ಹೊಸ ಕಾರ್ಡಲ್ಲಿ 'ಎಕ್ಸ್‌ಪೆಕ್ಟೆಡ್' ಅಂದ್ರೆ ಸುಮಾರು ಅಂತ ಅಂದ್ಕೋಬೇಡಿ, ಅದು ಐದರ ನಡುವಿನ ಮೆಟ್ಟಿಲು, ಅಲ್ಲಿರೋದು ಅವಮಾನ ಅಲ್ಲ. ನಮ್ಮವರಿಗೆ ಡಿಸ್ಟಿಂಕ್ಷನ್ ಬಿಟ್ರೆ ಬೇರೆ ಎಲ್ಲ ಫೇಲ್ ಥರ ಕಾಣೋದು ಬೇರೆ ಕಾಯಿಲೆ.

ರೀಡಿಂಗ್_ಅಮ್ಮ

ಓ ಇದು ಯಾರೂ ಹೇಳಿರಲಿಲ್ಲ! ಆ ಒಂದು ಪದ ಯಾಕೆ ತೆಗೆದ್ರು, ಓದೋರಿಗೆ ಅದೇ ಸುಲಭ ಇತ್ತಲ್ವಾ?

ಮ್ಯಾತ್ಸ್_ಮಿಸ್_ಲೆಸ್ಟರ್

ಸುಲಭ ಇತ್ತು, ಅದೇ ತೊಂದರೆ. ನಿಮ್ಮೂರಲ್ಲೇ ಆದದ್ದು ಮರ್ತಿರಾ? ರೀಡಿಂಗ್‌ನ ಕ್ಯಾವರ್‌ಶಮ್ ಪ್ರೈಮರಿ. 2022ರ ನವೆಂಬರಲ್ಲಿ ಇನ್ಸ್‌ಪೆಕ್ಷನ್ ಆಯ್ತು, ಹೆಚ್ಚಿನ ವಿಭಾಗದಲ್ಲಿ 'ಗುಡ್' ಇತ್ತು, ಆದ್ರೆ ಮಕ್ಕಳ ಸುರಕ್ಷತೆಯ ವ್ಯವಸ್ಥೆ ಸರಿಯಿಲ್ಲ ಅಂತ ಆಡಳಿತಕ್ಕೆ ಕೆಳಗಿನ ಗ್ರೇಡ್ ಬಂದು ಇಡೀ ಶಾಲೆಗೇ 'ಇನ್‌ಅಡಿಕ್ವೇಟ್' ಅಂತ ಬಿತ್ತು. ಹೆಡ್ ಟೀಚರ್ ರೂತ್ ಪೆರಿ 2023ರ ಜನವರೀಲಿ ಜೀವ ಕಳ್ಕೊಂಡ್ರು, ಅದಕ್ಕೆ ಇನ್ಸ್‌ಪೆಕ್ಷನ್ ಕೂಡ ಒಂದು ಕಾರಣ ಅಂತ ಆ ವರ್ಷ ಡಿಸೆಂಬರಲ್ಲಿ ಕೊರೋನರ್ (ಅಸಹಜ ಸಾವಿನ ವಿಚಾರಣೆ ಮಾಡೋ ಅಧಿಕಾರಿ) ಕೋರ್ಟಲ್ಲೇ ಹೇಳಿದ್ರು. ಅದೇ ಶಾಲೆಯನ್ನ 2023ರ ಬೇಸಿಗೇಲಿ ಮತ್ತೆ ನೋಡಿ 'ಗುಡ್' ಕೊಟ್ರು. ಏಳೆಂಟು ತಿಂಗಳಲ್ಲಿ ಒಂದು ಶಾಲೆ ನರಕದಿಂದ ಸ್ವರ್ಗಕ್ಕೆ ಹೋಗಲ್ಲ, ಸರಿ ಮಾಡೋಕೆ ಆಗುವಂಥದ್ದನ್ನ ಆ ಒಂದು ಪದ ಅಷ್ಟು ದೊಡ್ಡದು ಮಾಡಿತ್ತು ಅಂತ ನನ್ನ ಅನಿಸಿಕೆ.

ಇನ್ನು ಇನ್ಸ್‌ಪೆಕ್ಷನ್ ಒಳಗಡೆ ಹೆಂಗಿರತ್ತೆ ಅಂದ್ರೆ, ಸೋಮವಾರ ಬೆಳಗ್ಗೆ ಫೋನ್ ಬರತ್ತೆ, ಮಂಗಳವಾರ ಬೆಳಗ್ಗೆ ಅವ್ರೇ ಬರ್ತಾರೆ. ಆ ಸೋಮವಾರ ಸ್ಟಾಫ್ ರೂಮಲ್ಲಿ ಯಾರೂ ಟೀ ಕುಡಿಯಲ್ಲ. ರಾತ್ರಿ ಎಂಟಕ್ಕೂ ಕಾರ್ ಪಾರ್ಕ್ ತುಂಬಿರತ್ತೆ, ಹೆಡ್ ಎಲ್ರಿಗೂ ಪಿಜ್ಜಾ ತರಿಸ್ತಾರೆ. ನಾನು ಇದನ್ನ ಮೂರು ಸಲ ನೋಡಿದೀನಿ, ಮೂರೂ ಸಲ ಪಿಜ್ಜಾನೇ. ಇನ್ಸ್‌ಪೆಕ್ಟರ್‌ಗಳಲ್ಲಿ ಬೇರೆ ಶಾಲೆಗಳ ಹಾಲಿ ಹೆಡ್‌ಗಳೂ ಇರ್ತಾರೆ, ಅವ್ರಿಗೆ ನಮ್ಮ ನಾಟಕ ಎಲ್ಲ ಗೊತ್ತು. ಸಬ್ಜೆಕ್ಟ್ ಹೆಡ್ ಜೊತೆ ಕೂತು ಈ ಪಾಠ ಇದಕ್ಕಿಂತ ಮೊದ್ಲು ಯಾಕೆ ಅಂತ ಕೇಳಿ, ಕ್ಲಾಸಿಗೆ ಬಂದು, ಮಕ್ಕಳ ನೋಟ್‌ಬುಕ್ ತೆಗೆದು, ಆಮೇಲೆ ನಾಲ್ಕೈದು ಮಕ್ಕಳನ್ನ ಪಕ್ಕಕ್ಕೆ ಕೂರಿಸ್ಕೊಂಡು ಹೋದ ವಾರ ಏನು ಕಲಿತ್ರಿ ಅಂತ ಕೇಳ್ತಾರೆ. ಮಕ್ಕಳು ಸುಳ್ಳು ಹೇಳಲ್ಲ. ನನ್ನ ಇಯರ್ 8 ಹುಡುಗ ಒಬ್ಬ ಇನ್ಸ್‌ಪೆಕ್ಟರ್ ಎದುರಿಗೇ "ಮಿಸ್, ಇವತ್ತು ಯಾಕೆ ಇಷ್ಟು ನೈಸ್ ಆಗಿದೀರಾ" ಅಂದ್ಬಿಟ್ಟ. ಆ ಇನ್ಸ್‌ಪೆಕ್ಟರ್ ಪುಸ್ತಕದಲ್ಲಿ ಮುಖ ಮುಚ್ಕೊಂಡು ನಕ್ಕಿದ್ದು ನಾನು ನೋಡಿದೀನಿ.

ಯಾದಗಿರಿ_ಮಾಸ್ತರ

ಒಂದಿನ ಮೊದಲ ಫೋನ್ ಅಂದ್ರ ನಿಮ್ಮದೇ ಪಾಡು ಬಿಡ್ರಿ ಅಂತೀನಿ, ನಮಗ ಸಾಹೇಬ್ರು ಬರೋ ಸುದ್ದಿ ವಾರದ ಮೊದಲೇ ಬಂದಿರ್ತದ. ನಾ ಇಲ್ಲೇ ಸರ್ಕಾರಿ ಹೈಸ್ಕೂಲ್‌ದಾಗ ವಿಜ್ಞಾನ ಮಾಸ್ತರ ಅದೀನ್ರಿ, ಲಂಡನ್ ಗಿಂಡನ್ ಏನೂ ನೋಡಿಲ್ಲ, ಶೀರ್ಷಿಕೆ ನೋಡಿ ಒಳಗ ಬಂದೆ.

ನಮ್ಮಲ್ಲಿ ಸಿಆರ್‌ಪಿ ಬರ್ತಾರ, ಇಸಿಒ ಬರ್ತಾರ, ಬಿಇಒ ಸಾಹೇಬ್ರು ಬರ್ತಾರ, ಡಿಡಿಪಿಐ ಆಫೀಸಿಂದ ವಿಷಯ ಪರಿವೀಕ್ಷಕರು ಬರ್ತಾರ, ಎಲ್ಲಾ ಶಿಕ್ಷಣ ಇಲಾಖೆಯವ್ರೇ. ಪಾಠ ಯೋಜನೆ ಬರ್ದೀರೇನು, ಮಕ್ಕಳ ದಾಖಲಾತಿ ಸಾಫ್ಟ್‌ವೇರ್ ಸ್ಯಾಟ್ಸ್‌ದಾಗ ಎಂಟ್ರಿ ಆಗೇದೇನು, ಬಿಸಿಯೂಟದ ಲೆಕ್ಕ, ಹಾಲಿನ ಪುಡಿ, ಶೌಚಾಲಯ, ಎಫ್ಎ ಮಾರ್ಕ್ಸ್ ರಿಜಿಸ್ಟರ್. ಇವೆಲ್ಲಾ ಮುಗಿಯೋ ಹೊತ್ತಿಗೆ ಕ್ಲಾಸಿನ ಒಳಗ ಹತ್ತು ಮಿನಿಟ್ ಉಳೀತದ. ಆಮ್ಯಾಲ ಭೇಟಿ ಪುಸ್ತಕದಾಗ "ಶಾಲೆಗೆ ಭೇಟಿ ನೀಡಲಾಯಿತು. ಫಲಿತಾಂಶ ಸುಧಾರಣೆಗೆ ಕ್ರಮ ವಹಿಸಲು ಸೂಚಿಸಿದೆ." ಅಷ್ಟ. ಹನ್ನೊಂದು ವರ್ಷದ ಭೇಟಿ ಪುಸ್ತಕ ತಿರುವಿ ಹಾಕಿದೆ, ಅಕ್ಷರ ಬದಲಾಗ್ಯಾವ, ವಾಕ್ಯ ಬದಲಾಗಿಲ್ಲ.

ಹೊಟ್ಟಿಕಿಚ್ಚು ಆಗೋದು ಯಾವುದಕ್ಕಂದ್ರ, ಆ ಮಿಸ್ ಹೇಳಿದ್ರಲ್ಲ, "ಈ ಪಾಠ ಮೊದಲ ಯಾಕ" ಅಂತ ಒಬ್ಬರು ಕೂತು ಕೇಳ್ತಾರಂತ. ನನ್ನ ಸರ್ವೀಸ್‌ದಾಗ ಆ ಪ್ರಶ್ನೆ ಯಾರೂ ಕೇಳಿಲ್ಲರಿ.

ಕುಡ್ಲದ_ಬಂಗುಡೆ

ಆದ್ರೂ ಕೊನೆಗೆ ರಿಸಲ್ಟ್ ನೋಡಿದ್ರೆ ಗೊತ್ತಾಗ್ತದಲ್ವಾ ಮಾರಾಯ್ರೆ. 2025ರ ಎಸ್‌ಎಸ್‌ಎಲ್‌ಸಿಯಲ್ಲಿ ನಮ್ಮ ದಕ್ಷಿಣ ಕನ್ನಡ 91.12, ಉಡುಪಿ 89.96, ಕಲಬುರಗಿ 42.43. ಅದೇ ಪಠ್ಯ, ಅದೇ ಪ್ರಶ್ನೆಪತ್ರಿಕೆ, ಅದೇ ವೆಬ್‌ಕಾಸ್ಟಿಂಗ್ ಕ್ಯಾಮೆರಾ. ಇನ್ಸ್‌ಪೆಕ್ಷನ್ ಎಲ್ಲ ಯಾಕೆ, ಅಂಕಿ ಉಂಟಲ್ಲ.

ಯಾದಗಿರಿ_ಮಾಸ್ತರ

ಅಣ್ಣಾ, ಬಂಗುಡೆ ಚಲೋ ಇರ್ತದ, ಆದ್ರ ಸಮುದ್ರ ನಿಮ್ಮ ಮನಿ ಹಿಂದೇ ಅದ ಅನ್ನೋದು ಮರೀಬ್ಯಾಡ.

ಎಂಟನೇ ಕ್ಲಾಸಿಗೆ ನನ್ನ ಕಡೆ ಬರೋ ಹುಡುಗ್ರೊಳಗ ಕನ್ನಡ ಓದಾಕ ತಡವರಿಸೋವು ಎಷ್ಟೋ ಅದಾವ. ಸುಗ್ಗಿ ಮುಗದ ಮ್ಯಾಲ ಅವ್ವ ಅಪ್ಪ ಬೆಂಗಳೂರು, ಪುಣೆ, ಮುಂಬೈ ಅಂತ ಗುಳೆ ಹೋಗ್ತಾರ, ಹುಡುಗ್ರೂ ಹೋಗ್ತಾವ, ಪರೀಕ್ಷಾ ಹೊತ್ತಿಗೆ ಕರ್ಕೊಂಡು ಬರಾಕ ನಾವೇ ಫೋನ್ ಹಚ್ಚಬೇಕು. ಗಣಿತಕ್ಕ ಖಾಯಂ ಮಾಸ್ತರ ಇಲ್ಲ, ಅತಿಥಿ ಶಿಕ್ಷಕರು ಬರೋದು ಶಾಲಿ ಚಾಲೂ ಆಗಿ ಎಷ್ಟೋ ದಿನಕ್ಕ. 2024ರಾಗ ನಮ್ಮ ಜಿಲ್ಲಾ 50.59ಕ್ಕ ಕೊನೇ ಸ್ಥಾನ ಬಂತು, ಟಿವಿಯಾಗ ನಾಲ್ಕ ದಿನ ಬೈದ್ರು. ನಮ್ಮ ಶಾಲಿಗೆ ಅವತ್ತ ನೋಟೀಸ್ ಬಂತು. ಎಂಟನೇದಾಗ ಹೆಸರು ಬರಿಲಾರದ ಹುಡುಗಿ ಹತ್ತನೇದಾಗ ಮೂರು ಮಾರ್ಕಿಗೆ ಫೇಲ್ ಆದ್ಲು. ಆಕಿ ಎಷ್ಟು ದೂರ ನಡದ್ಲು ಅಂತ ಯಾವ ಅಂಕಿಯೊಳಗ ಅದ, ಹೇಳ್ರಿ?

ಮ್ಯಾತ್ಸ್_ಮಿಸ್_ಲೆಸ್ಟರ್

ಮಾಸ್ತರೇ, ನೀವು ಕೇಳಿದ ಆ ಅಂಕಿಗೆ ಇಲ್ಲಿ ಹೆಸರಿದೆ. ಪ್ರೋಗ್ರೆಸ್ 8 ಅಂತ. 2016ರಿಂದ ಇದೆ.

ಲೆಕ್ಕ ಹೀಗೆ. ಮಗು ಹನ್ನೊಂದನೇ ವಯಸ್ಸಲ್ಲಿ ಪ್ರೈಮರಿ ಮುಗಿಸುವಾಗ ಸ್ಯಾಟ್ಸ್ ಅಂತ ಪರೀಕ್ಷೆ ಬರೆಯತ್ತೆ (ನಿಮ್ಮ ಸ್ಯಾಟ್ಸ್ ಸಾಫ್ಟ್‌ವೇರ್ ಬೇರೆ, ಇದು ಬೇರೆ, ಹೆಸರು ಮಾತ್ರ ಒಂದೇ). ಐದು ವರ್ಷ ಆದ್ಮೇಲೆ ನಿಮ್ಮ ಎಸ್‌ಎಸ್‌ಎಲ್‌ಸಿ ಥರದ ಜಿಸಿಎಸ್‌ಇಯಲ್ಲಿ ಎಂಟು ವಿಷಯದ ಜಾಗದಲ್ಲಿ ಎಷ್ಟು ಗ್ರೇಡ್ ಬಂತು ಅಂತ ತಗೊಂಡು, ಇಡೀ ಇಂಗ್ಲೆಂಡಲ್ಲಿ ಅದೇ ಸ್ಯಾಟ್ಸ್ ಅಂಕದಿಂದ ಶುರು ಮಾಡಿದ ಬೇರೆ ಮಕ್ಕಳ ಸರಾಸರಿ ಜೊತೆ ಹೋಲಿಸ್ತಾರೆ. ಗಣಿತಕ್ಕೆ ಎರಡು ಪಟ್ಟು ತೂಕ, ಇಂಗ್ಲಿಷ್‌ಗೂ ಹಂಗೇ. ಸೊನ್ನೆ ಬಂದ್ರೆ ಎಲ್ರ ಹಂಗೆ. ಪ್ಲಸ್ ಅರ್ಧ ಬಂದ್ರೆ ಪ್ರತಿ ವಿಷಯಕ್ಕೂ ಸರಾಸರಿ ಅರ್ಧ ಗ್ರೇಡ್ ಮೇಲೆ, ಇಡೀ ಶಾಲೆಗೆ ಅದು ಬಂದ್ರೆ ತುಂಬಾ ದೊಡ್ಡದು. ಹಂಗಾಗಿ ಬಡ ಏರಿಯಾದ ಶಾಲೆ, ಜಿಸಿಎಸ್‌ಇ ರಿಸಲ್ಟ್ ಸಾಧಾರಣ ಇದ್ರೂ ಪ್ಲಸ್ ಬರಬಹುದು, ಪೋಷ್ ಏರಿಯಾದ ಶಾಲೆ ರಿಸಲ್ಟ್ ಫಳಫಳ ಅಂದ್ರೂ ಮೈನಸ್ ಬರಬಹುದು. ನಿಮ್ಮ ಆ ಹುಡುಗಿ ಇಲ್ಲಿದ್ರೆ ನಿಮ್ಮ ಶಾಲೆಗೆ ಪ್ಲಸ್ ತಂದುಕೊಡ್ತಿದ್ಲು, ನೋಟೀಸ್ ಅಲ್ಲ.

ಆದ್ರೆ ಇದೂ ದೇವರ ತಕ್ಕಡಿ ಅಲ್ಲ. ಮನೇಲಿ ಟ್ಯೂಶನ್ ಇಟ್ಟೋರು, ಹೊಸದಾಗಿ ಇಂಗ್ಲಿಷ್ ಕಲೀತಿರೋ ಮಕ್ಕಳು, ಎಲ್ರೂ ಲೆಕ್ಕದೊಳಗೆ ಒಂದೇ. ನಮ್ಮ ಲೆಸ್ಟರಲ್ಲಿ ಸ್ಯಾಟ್ಸ್ ಹೊತ್ತಿಗೆ ಇಂಗ್ಲಿಷ್ ಇನ್ನೂ ಬಾರದ ಗುಜರಾತಿ ಮಕ್ಕಳು ಆಮೇಲೆ ರಾಕೆಟ್ ಥರ ಏರ್ತಾರೆ, ಆ ಪ್ಲಸ್ಸಲ್ಲಿ ನಮ್ಮ ಪಾಠ ಎಷ್ಟು ಅವರಜ್ಜಿ ಬೈಗುಳ ಎಷ್ಟು ಅಂತ ಬಿಡಿಸಿ ಹೇಳೋಕೆ ನನ್ನ ಕೈಲಾಗಲ್ಲ.

@ರೀಡಿಂಗ್_ಅಮ್ಮ ಇನ್ನೊಂದು ವಿಷಯ, 2025ಕ್ಕೂ 2026ಕ್ಕೂ ಪ್ರೋಗ್ರೆಸ್ 8 ಹುಡುಕಬೇಡಿ, ಸಿಗಲ್ಲ. ಆ ಮಕ್ಕಳು ಇಯರ್ 6ರಲ್ಲಿದ್ದಾಗ ಕೋವಿಡ್, 2020 ಮತ್ತು 2021ರಲ್ಲಿ ಸ್ಯಾಟ್ಸೇ ನಡೀಲಿಲ್ಲ, ಶುರುವಿನ ಗೆರೆ ಇಲ್ಲದೆ ಓಟ ಅಳೆಯೋದು ಹೆಂಗೆ. 2024ದೇ ಕೊನೇದು ಸಿಗೋದು.

ಕುಡ್ಲದ_ಬಂಗುಡೆ

ಮಾಸ್ಟ್ರೇ ಬೇಜಾರು ಮಾಡ್ಬೇಡಿ, ನಾನು ಜಿಲ್ಲೆ ನೋಡಿದೆ, ಮಕ್ಕಳನ್ನ ನೋಡ್ಲಿಲ್ಲ. ಆದ್ರೆ ನಮ್ಮಲ್ಲೂ ಪೂರ್ತಿ ಸತ್ಯ ಅಲ್ಲ ಅಂತ ನಾನೇ ಹೇಳ್ತೇನೆ. ನಾನು ಓದಿದ ಒಂದು ಶಾಲೆ (ಹೆಸರು ಬೇಡ) ನೂರಕ್ಕೆ ನೂರು ಅಂತ ಪ್ರತಿ ವರ್ಷ ಬ್ಯಾನರ್ ಹಾಕ್ತಿತ್ತು. ಒಂಬತ್ತನೇ ಕ್ಲಾಸಲ್ಲಿ ನನ್ನ ಪಕ್ಕ ಕೂರ್ತಿದ್ದವನನ್ನ ಏಪ್ರಿಲಲ್ಲಿ ಕರೆದು ಟಿಸಿ ಕೊಟ್ಟು "ನಿನಗೆ ಈ ಶಾಲೆ ಕಷ್ಟ" ಅಂತ ಕಳಿಸಿದ್ರು. ಅಂಥವ್ರು ನಾಲ್ಕು ಜನ. ಹತ್ತನೇದಕ್ಕೆ ನಾವು ಉಳಿದವ್ರು ನೂರಕ್ಕೆ ನೂರು ಆದೆವು. ಅವನು ಪಕ್ಕದ ಸರ್ಕಾರಿ ಶಾಲೆಗೆ ಸೇರಿ ಫೇಲಾಗಿ ಆ ಶಾಲೆಯ ಪರ್ಸೆಂಟ್ ಇಳಿಸಿದ.

ಗವರ್ನರ್_ಆದ್ರೂ_ರಾಜ್ಯಪಾಲ_ಅಲ್ಲ

ಈ ವಿದ್ಯೆ ಇಲ್ಲೂ ಇದೆ, ಹೆಸರು ಆಫ್-ರೋಲಿಂಗ್. ಜಿಸಿಎಸ್‌ಇ ರಿಸಲ್ಟು ಇಯರ್ 11ರ ಜನವರಿಯ ಗಣತಿಯಲ್ಲಿ ಯಾವ ಶಾಲೆಯ ರಿಜಿಸ್ಟರಲ್ಲಿ ಹೆಸರಿದೆಯೋ ಅದರ ಲೆಕ್ಕಕ್ಕೆ ಬರತ್ತೆ. ಹಂಗಾಗಿ ಅದಕ್ಕೆ ಮೊದ್ಲೇ ಮನೆಯವರಿಗೆ "ಮನೇಲೇ ಓದಿಸಿದ್ರೆ ಒಳ್ಳೇದು" ಅಂತ ಕಿವಿಗೆ ಹಾಕಿ ಹೆಸರು ತೆಗೆಸೋದು. 2019ರ ಚೌಕಟ್ಟಿನಿಂದ ಆಫ್‌ಸ್ಟೆಡ್ ಇದನ್ನ ಗಟ್ಟಿಯಾಗಿ ಹಿಡ್ಕೊಂಡಿದೆ, ಸಿಕ್ಕಿಬಿದ್ರೆ ಆಡಳಿತಕ್ಕೆ ಕೆಳಗಿನ ಗ್ರೇಡೇ ಬೀಳೋ ಸಾಧ್ಯತೆ. ನಮ್ಮ ಮೀಟಿಂಗಲ್ಲಿ ನಾನು ಪ್ರತಿ ಟರ್ಮ್ ಕೇಳೋ ಒಂದೇ ಒಂದು ಪ್ರಶ್ನೆ ಇದು: ಇಯರ್ 10ರಲ್ಲಿ ಎಷ್ಟು ಜನ ಇದ್ರು, ಈಗ ಎಷ್ಟು ಜನ, ಹೋದೋರು ಎಲ್ಲಿ ಹೋದ್ರು. ಮೊದಲ ಸಲ ಕೇಳಿದಾಗ ಹೆಡ್ ಮುಖ ನೋಡ್ಬೇಕಿತ್ತು. ಈಗ ಅವ್ರೇ ಲಿಸ್ಟ್ ತರ್ತಾರೆ.

ನಿವೃತ್ತ_ಪರಿವೀಕ್ಷಕ

ನಾನು ಇಪ್ಪತ್ತು ವರ್ಷ ಹೈಸ್ಕೂಲ್ ಮೇಷ್ಟ್ರು, ಆಮೇಲೆ ವಿಷಯ ಪರಿವೀಕ್ಷಕನಾಗಿ ನಿವೃತ್ತ. ಯಾದಗಿರಿ ಮಾಸ್ತರ ಭೇಟಿ ಪುಸ್ತಕದ ವಾಕ್ಯ ಓದಿ ನಾಚಿಕೆ ಆಯ್ತು ಯಾಕಂದ್ರೆ ಅದನ್ನ ನಾನೂ ಬರೆದಿದೀನಿ, ನೂರಾರು ಸಲ. ಒಬ್ಬ ಪರಿವೀಕ್ಷಕನಿಗೆ ಒಂದು ಜಿಲ್ಲೆಯ ಹೈಸ್ಕೂಲು, ಓಡಾಟಕ್ಕೆ ಗಾಡಿ ಇಲ್ಲ, ಬಸ್ಸಲ್ಲಿ ಹೋಗಿ ಮಧ್ಯಾಹ್ನದೊಳಗೆ ಎರಡು ಶಾಲೆ ಮುಗಿಸಿ ಸಂಜೆ ಆಫೀಸಲ್ಲಿ ವಿಡಿಯೋ ಕಾನ್ಫರೆನ್ಸಿಗೆ ಕೂರ್ಬೇಕು. ಕ್ಲಾಸಲ್ಲಿ ಪೂರ್ತಿ ಪೀರಿಯಡ್ ಕೂತಿದ್ದು ನನಗೆ ಬೆರಳೆಣಿಕೆಯಷ್ಟು ನೆನಪಿದೆ.

ಹಳೇ ಕಾಲದಲ್ಲಿ ಹಂಗಿರಲಿಲ್ಲ. ಡೆಪ್ಯುಟಿ ಚನ್ನಬಸಪ್ಪನವರ ಹೆಸರಿನ ಮುಂದಿನ ಆ 'ಡೆಪ್ಯುಟಿ' ಎಲ್ಲಿಂದ ಬಂತು ಅಂತ ಈಗಿನ ಮೇಷ್ಟ್ರುಗಳಿಗೇ ಗೊತ್ತಿಲ್ಲ, ಡೆಪ್ಯುಟಿ ಎಜುಕೇಶನಲ್ ಇನ್ಸ್‌ಪೆಕ್ಟರ್ ಅನ್ನೋ ಹುದ್ದೆಯಿಂದ. ಮುಂಬೈ ಪ್ರಾಂತ್ಯದ ಕನ್ನಡ ಜಿಲ್ಲೆಗಳಲ್ಲಿ ಮರಾಠಿ ಶಾಲೆಗಳೇ ತುಂಬಿದ್ದ ಕಾಲದಲ್ಲಿ ಕನ್ನಡ ಶಾಲೆ ಬೆಳೆಯೋಕೆ ದುಡಿದೋರು. ತಪಾಸಣೆಗೆ ಬರೋನು ಶಾಲೆ ಕಟ್ಟೋನೂ ಆಗಿದ್ದ.

ಗವರ್ನರ್_ಆದ್ರೂ_ರಾಜ್ಯಪಾಲ_ಅಲ್ಲ

ಸಾರ್, ಚನ್ನಬಸಪ್ಪನವರಿಗೆ ಕೈ ಮುಗಿದೇ ಹೇಳ್ತೀನಿ, ಹಳೇ ಕಾಲ ಎಲ್ಲ ಕಡೆ ಚೆನ್ನಾಗಿತ್ತು ಅನ್ನೋದಕ್ಕೆ ನನ್ನ ಒಪ್ಪಿಗೆ ಇಲ್ಲ. ಇಲ್ಲಿ ಮೊದಲ ಇಬ್ಬರು ಸ್ಕೂಲ್ ಇನ್ಸ್‌ಪೆಕ್ಟರ್ ನೇಮಕ ಆಗಿದ್ದು 1839ರಲ್ಲಿ. 1862ರ ಹೊತ್ತಿಗೆ ಹೊಸ ಕಾನೂನು ಬಂತು, ಇನ್ಸ್‌ಪೆಕ್ಟರ್ ಬಂದು ಒಂದೊಂದು ಮಗೂನ ಓದು, ಬರಹ, ಲೆಕ್ಕದಲ್ಲಿ ಪರೀಕ್ಷೆ ಮಾಡೋದು, ಪಾಸಾದಷ್ಟಕ್ಕೆ ಶಾಲೆಗೆ ಗ್ರಾಂಟು. ಆಮೇಲೆ ಏನಾಯ್ತು ಊಹಿಸಿ. ಪುಸ್ತಕ ಬಾಯಿಪಾಠ ಮಾಡಿಸಿದ್ರು. ಮ್ಯಾಥ್ಯೂ ಆರ್ನಲ್ಡ್ ಅನ್ನೋ ಕವಿ ಸ್ವತಃ ಸ್ಕೂಲ್ ಇನ್ಸ್‌ಪೆಕ್ಟರ್ ಆಗಿದ್ದೋರು, ಅವ್ರೇ ಇದನ್ನ ವಿರೋಧಿಸಿದ್ರು. ಮೂವತ್ತು ವರ್ಷದ ಮೇಲೆ ಅದನ್ನ ಕೈಬಿಟ್ರು. ಈಗ ನಿಮ್ಮ ಎಸ್‌ಎಸ್‌ಎಲ್‌ಸಿ ಪರ್ಸೆಂಟ್, ನಮ್ಮ ಗ್ರೇಡು ನೋಡಿದ್ರೆ ಅದೇ ದೆವ್ವ ಬಟ್ಟೆ ಬದಲಾಯಿಸ್ಕೊಂಡು ಬಂದಂಗೆ ಕಾಣತ್ತೆ.

ಯಾದಗಿರಿ_ಮಾಸ್ತರ

ಬಾಯಿಪಾಠ ಅಂದ್ರಲ್ಲ, ನಮ್ಮಲ್ಲಿ ಅದಕ್ಕ ಪಾಸಿಂಗ್ ಪ್ಯಾಕೇಜ್ ಅಂತಾರ್ರಿ. ಈಗ ಅದೇ ಸೀಜನ್. ಪೂರ್ವಸಿದ್ಧತಾ ಪರೀಕ್ಷಾದಾಗ ಹಿಂದ ಬಿದ್ದ ಹುಡುಗ್ರನ್ನ ಮಾಸ್ತರಿಗೆ ಇಷ್ಟಿಷ್ಟು ಅಂತ ದತ್ತು ಕೊಡ್ತಾರ. ನನಗ ಒಂಬತ್ತು ಮಂದಿ ದತ್ತು ಮಕ್ಕಳು. ಈ ಚಿತ್ರ ಬರಿ, ಈ ಸೂತ್ರ ಬರಿ, ಈ ನಕ್ಷಾ ಬರಿ, ಪಾಸ್. ಬೆಳಿಗ್ಗೆ ಐದಕ್ಕ ಅವರ ಮನಿಗೆ ಫೋನ್ ಮಾಡಿ ಎಬ್ಬಿಸ್ಬೇಕು, ಫೋನ್ ಮಾಡಿದ್ದಕ್ಕೂ ದಾಖಲೆ ಬೇಕು. 2024ರಾಗ 20 ಪರ್ಸೆಂಟ್ ಗ್ರೇಸ್ ಕೊಟ್ಟು ರಾಜ್ಯದ ಫಲಿತಾಂಶ 73.40ಕ್ಕ ತಂದ್ರು, ಮುಂದಿನ ವರ್ಷ ಗ್ರೇಸ್ ತಗದ್ರ 66.14. 2026ರ ಪರೀಕ್ಷಾಕ್ಕ ಪಾಸಿಗೆ 35 ಇದ್ದದ್ದು 33 ಆತು. ಹುಡುಗ್ರು ಅವೇ, ಮಾಸ್ತರು ಅವರೇ. ಗೆರಿ ಅಷ್ಟೇ ಮ್ಯಾಲ ಕೆಳಗ ಆಗ್ತದ.

ಚುರುಮುರಿ_77

ಎಲ್ಲ ಸರಿ, ಹಂಗಂತ ಇನ್ಸ್‌ಪೆಕ್ಷನ್ನೇ ಬೇಡ್ವಾ? ತಮಾಷೆ ಬಿಟ್ಟು ಹೇಳ್ತೀನಿ. ನಮ್ಮ ದೊಡ್ಡ ಮಗನ ಶಾಲೆ 'ಔಟ್‌ಸ್ಟ್ಯಾಂಡಿಂಗ್' ಅಂತ ಗೇಟ್ ಮೇಲೆ ಮಾರುದ್ದ ಬೋರ್ಡ್ ಇತ್ತು, ಅದನ್ನ ನೋಡೇ ಸಾಲ ಮಾಡಿ ಆ ಏರಿಯಾದಲ್ಲಿ ಮನೆ ತಗೊಂಡ್ವಿ. ಒಳಗೆ ನೋಡಿದ್ರೆ ವಾರದಲ್ಲಿ ಮೂರು ದಿನ ಸಪ್ಲೈ (ಬದಲಿ) ಟೀಚರ್, ಸೈನ್ಸಿಗೆ ವರ್ಷದಲ್ಲಿ ಐದು ಜನ ಬದಲಾದ್ರು. ಬೋರ್ಡ್ ಮೇಲಿನ ಇಸವಿ ಆಮೇಲೆ ಓದಿದೆ, ಹತ್ತು ವರ್ಷ ಹಳೇದು.

ಮ್ಯಾತ್ಸ್_ಮಿಸ್_ಲೆಸ್ಟರ್

ಅದಕ್ಕೆ ಕಾರಣ ಇದೆ. 2012ರಿಂದ 2020ರ ತನಕ ಔಟ್‌ಸ್ಟ್ಯಾಂಡಿಂಗ್ ಬಂದ ಶಾಲೆಗಳಿಗೆ ಮಾಮೂಲಿ ಇನ್ಸ್‌ಪೆಕ್ಷನ್ನಿಂದ ವಿನಾಯಿತಿ ಇತ್ತು. ಒಂದ್ಸಲ ಬೋರ್ಡ್ ಬಿತ್ತು ಅಂದ್ರೆ ಹೆಡ್ ಬದಲಾಗ್ಲಿ, ಟೀಚರ್‌ಗಳು ಬಿಟ್ಟುಹೋಗ್ಲಿ, ಬೋರ್ಡ್ ಹಂಗೇ. ವಿನಾಯಿತಿ ತೆಗೆದು 2021-22ರಲ್ಲಿ ಅಂಥ ಶಾಲೆಗಳಿಗೆ ಮತ್ತೆ ಹೋದಾಗ, ನೋಡಿದ್ದರಲ್ಲಿ ಐದಕ್ಕೆ ನಾಲ್ಕಕ್ಕೂ ಹೆಚ್ಚು ಶಾಲೆ ಆ ಪಟ್ಟ ಕಳ್ಕೊಂಡ್ವು. ಹಂಗಾಗಿ ಇನ್ಸ್‌ಪೆಕ್ಷನ್ ಬೇಕು, ನಾನೂ ಬೇಡ ಅನ್ನಲ್ಲ. ನನ್ನ ಮೊದಲ ಶಾಲೇಲಿ ಬುಲ್ಲಿಯಿಂಗ್ ವಿಷಯ ನಾವು ಟೀಚರ್‌ಗಳು ಎರಡು ವರ್ಷ ಬಾಯಿ ಬಡ್ಕೊಂಡ್ರೂ ಕೇಳದೇ ಇದ್ದದ್ದು ಇನ್ಸ್‌ಪೆಕ್ಟರ್‌ಗೆ ಒಂದು ಹುಡುಗಿ ಊಟದ ಹೊತ್ತಲ್ಲಿ ಹೇಳಿದ ಮೇಲೆ ಒಂದೇ ವಾರದಲ್ಲಿ ಸರಿ ಹೋಯ್ತು.

@ರೀಡಿಂಗ್_ಅಮ್ಮ ನಾನಾಗಿದ್ರೆ ಮೊದ್ಲು ಇನ್ಸ್‌ಪೆಕ್ಷನ್ ತಾರೀಖು ನೋಡ್ತೀನಿ, ಆಮೇಲೆ ಹೆಡ್ ಯಾವಾಗ ಬಂದ್ರು ಅಂತ. ಹೆಡ್ ಅದಾದ್ಮೇಲೆ ಬಂದಿದ್ರೆ ಆ ರಿಪೋರ್ಟ್ ಬೇರೆ ಯಾರದೋ ಶಾಲೇದು. ಆಮೇಲೆ "ಶಾಲೆ ಇನ್ನೂ ಏನು ಸುಧಾರಿಸ್ಬೇಕು" ಅನ್ನೋ ಭಾಗಾನ ಪ್ರಿಂಟ್ ತಗೊಂಡು ಓಪನ್ ಈವ್ನಿಂಗಿಗೆ (ಪೋಷಕರಿಗೆ ಶಾಲೆ ತೋರಿಸೋ ಸಂಜೆ) ಹೋಗಿ, ಅದರಲ್ಲಿ ಒಂದನ್ನ ಹೆಡ್‌ಗಲ್ಲ, ಅಲ್ಲಿ ದಾರಿ ತೋರಿಸೋಕೆ ನಿಂತಿರೋ ಮಕ್ಕಳಿಗೆ ಕೇಳಿ.

ರೀಡಿಂಗ್_ಅಮ್ಮ

ಅಯ್ಯೋ ಇಷ್ಟೆಲ್ಲ ಬರೆದ್ರಲ್ಲ, ಎಲ್ರಿಗೂ ಥ್ಯಾಂಕ್ಸ್. ಈಗಷ್ಟೇ ನೋಡಿದೆ, 'ಗುಡ್' ಇರೋ ಮೊದಲ ಶಾಲೆಗೆ ಹೋದ ಸೆಪ್ಟೆಂಬರಲ್ಲಿ ಹೊಸ ಹೆಡ್. ಮೂರನೇ ಶಾಲೆ, ಯಜಮಾನ್ರು ಹತ್ತಕ್ಕೆ ನಾಲ್ಕು ಕೊಟ್ಟಿದ್ದು, 'ನೀಡ್ಸ್ ಅಟೆನ್ಶನ್' ಇರೋದು ಬರೀ ಹಾಜರಿ ಸಾಲಲ್ಲಿ, ಬೋಧನೆ 'ಸ್ಟ್ರಾಂಗ್'. 2024ರ ಪ್ರೋಗ್ರೆಸ್ 8 ಕೂಡ ಮೂರರಲ್ಲಿ ಅದರದ್ದೇ ಜಾಸ್ತಿ, ಅದೂ ಬಸ್ ಡಿಪೋ ಪಕ್ಕದ ಶಾಲೆ, ನಾವು ಅದರ ಕಡೆ ತಿರುಗೇ ನೋಡಿರಲಿಲ್ಲ. ಇದನ್ನ ಹೇಳಿದ್ದಕ್ಕೆ ಯಜಮಾನ್ರು ಎಕ್ಸೆಲ್ ಮುಚ್ಚಿ ಸುಮ್ಮನೆ ಕ್ರಿಕೆಟ್ ಹಾಕ್ಕೊಂಡು ಕೂತಿದಾರೆ.

ಮಾಸ್ತರೇ, ನಿಮ್ಮ ಆ ಹುಡುಗಿ ಆಮೇಲೆ ಏನಾದ್ಲು?

ಯಾದಗಿರಿ_ಮಾಸ್ತರ

ಎರಡನೇ ಪರೀಕ್ಷಾ ಬರದು ಪಾಸಾದ್ಲು ಅವ್ವಾರ, ಈಗ ಪಿಯುಸಿ ಆರ್ಟ್ಸ್. ಮೊನ್ನೆ ಶಾಲಿಗೆ ಪೇಡಾ ತಗೊಂಡು ಬಂದಿದ್ಲು, ಭೇಟಿ ಪುಸ್ತಕದಾಗ ಸಹಿ ಮಾಡ್ಲೇನ್ರೀ ಸರ ಅಂತ ಕೇಳಿದ್ಲು. ಮಾಡಿಸ್ಕೊಂಡೀನಿ. ನಾಳೆ ಬಿಇಒ ಸಾಹೇಬ್ರು ಬರ್ತಾರ, ಅದೇ ಪುಟದ ಕೆಳಗ ಬರೀಬೇಕು.